ಮೂರೂವರೆ ಅಂಗುಲದ ಮೇಲೆ

ಜನವರಿ 12

ಅಪ್ಪನಿಗೆ,

ಈ ಕಾಗದವನ್ನು ಅಮ್ಮನ ಕೈಗೆ ದಾಟಿಸಬೇಡಿ. ಫೋನು ಮಾಡಿದರೆ "ತಗೋ, ನಿನ್ ಮಗಳು" ಎಂದು ರಿಸೀವರನ್ನು ದಾಟಿಸಿಬಿಡುತ್ತೀರಿ. ಆರು ವರ್ಷದಿಂದ ನಿಮ್ಮ ಬಾಯಿಂದ ನಾನು ಕೇಳಿರುವುದು ಅಷ್ಟೇ ಮಾತು. ಅದಕ್ಕೇ ಬರೆಯುತ್ತಿದ್ದೇನೆ. ಲಕೋಟೆಯ ಮೇಲೆ ನಿಮ್ಮೊಬ್ಬರ ಹೆಸರೇ ಇದೆ, ಬೇಕಾದರೆ ತಿರುಗಿಸಿ ನೋಡಿಕೊಳ್ಳಿ.

ಮೊದಲು ಒಳ್ಳೆಯ ಸುದ್ದಿ. ನಾಟಕದಲ್ಲಿ ನನಗೆ ಮುಖ್ಯ ಪಾತ್ರ ಸಿಕ್ಕಿದೆ. ಹದಿನಾಲ್ಕು ವರ್ಷ ಮನೆಗೆಲಸದವಳು, ಪಕ್ಕದ ಮನೆಯವಳು, ಪರದೆಯ ಹಿಂದಿನ ಧ್ವನಿ, ಒಂದು ಸಲ ಬೆಕ್ಕು, ಇಷ್ಟೆಲ್ಲ ಆದ ಮೇಲೆ. ಈ ಸಲ ನಾನು ಒಂದು ದೊಡ್ಡ ಹೋಟೆಲಿನ ಒಡತಿ. ಎರಡೂವರೆ ಗಂಟೆಯ ನಾಟಕದಲ್ಲಿ ಆಕೆ ಒಂದು ಕ್ಷಣವೂ ಕೂರುವುದಿಲ್ಲ. ಆಕೆ ಕಾಣಿಸುವ ಮೊದಲು ಆಕೆಯ ಹೀಲ್ಸ್ ಸದ್ದು ಕೇಳಿಸಬೇಕು, ಕೊನೆಯ ದೃಶ್ಯದಲ್ಲಿ ನಾಯಕನ ಕಣ್ಣಿಗೆ ಕಣ್ಣಿಟ್ಟು ಮಾತಾಡಬೇಕು. ನಾಯಕ ನಮ್ಮ ತಂಡದಲ್ಲೇ ಉದ್ದ, ಎಲ್ಲರೂ ಅವನನ್ನು ದೀಪದ ಕಂಬ ಎನ್ನುತ್ತಾರೆ. ನನ್ನ ಎತ್ತರ ನಿಮಗೇ ಗೊತ್ತು, ಮೊಳೆ ಎಂದು ಕರೆದವರು ನೀವೇ. ಹಾಗಾಗಿ ಮೂರೂವರೆ ಅಂಗುಲದ ಹೀಲ್ಸ್.

ನಿಜ ಹೇಳಬೇಕೆಂದರೆ ನಿರ್ದೇಶಕರು ಬೇಡವೆಂದರೂ ನನಗೆ ಆ ಹೀಲ್ಸ್ ಬೇಕು. ಅದರ ಮೇಲೆ ನಿಂತರೆ ನನ್ನ ದನಿಯೇ ಬೇರೆಯಾಗುತ್ತದೆ. ಆದರೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಬೆರಳುಗಳ ಬುಡದಲ್ಲಿ ಬೆಂಕಿ ಬೀಳುತ್ತದೆ, ಅಂಗಾಲಿನ ನಡುವೆ ಸೆಳೆತ, ಒಂದು ಗಂಟೆಗೆ ಕುಂಟು. ಮೂರು ಅಂಗಡಿಯ ಶೂ ನೋಡಿಯಾಯಿತು. ಡಾಕ್ಟರು ಹೀಲ್ಸ್ ಬಿಡಿ ಎಂದು ಹೇಳಿ ಮುಂದಿನ ರೋಗಿಯನ್ನು ಕರೆದರು. ನಿರ್ದೇಶಕರು ಮಾರ್ಚ್ ಕೊನೆಯವರೆಗೆ ನೋಡುತ್ತಾರಂತೆ. ನನಗೇನಾದರೂ ಆದರೆ ಇರಲಿ ಎಂದು ಒಬ್ಬ ಬದಲಿ ನಟಿಯನ್ನು ಇಟ್ಟುಕೊಂಡಿದ್ದಾರೆ. ಅವಳು ಮುಂದಿನ ಸಾಲಿನಲ್ಲಿ ಕೂತು ನಾನು ಮಾತಾಡುವಾಗ ತುಟಿ ಅಲ್ಲಾಡಿಸುತ್ತಿರುತ್ತಾಳೆ.

ಎತ್ತರದ ಹೀಲಿನ ಜೋಡು ಮಾಡುವುದರಲ್ಲಿ ನಿಮ್ಮನ್ನು ಮೀರಿಸುವವರಿಲ್ಲ ಎಂದು ಊರೇ ಹೇಳುತ್ತದೆ. ನನಗೆ ಎರಡೂವರೆ ಗಂಟೆ ನಿಲ್ಲಲು ಆಗುವ ಒಂದು ಜೊತೆ ಮಾಡಿಕೊಡುತ್ತೀರಾ?

ನೀವು ಉತ್ತರ ಕೊಡುವ ಮೊದಲು ಒಂದು ತಪ್ಪೊಪ್ಪಿಗೆ. ನೀವು ಪ್ರತಿ ವರ್ಷ ನನ್ನ ಹುಟ್ಟಿದ ದಿನಕ್ಕೆ ಕಳಿಸುವ ಜೋಡುಗಳಲ್ಲಿ ಕಳೆದ ಎಂಟು ಜೊತೆ ಕಪಾಟಿನಲ್ಲಿ ಡಬ್ಬಿಯ ಸಮೇತ ಇವೆ. ಹಾಕಿಕೊಂಡಿಲ್ಲ.

ನಿಮ್ಮ ಮೊಳೆ


ಜನವರಿ 23

ಮೊಳೆಗೆ,

ಕಾಗದ ತಲುಪಿತು. ಪಾತ್ರ ಸಿಕ್ಕಿದ್ದು ಸಂತೋಷ.

ಎಂಟು ಜೊತೆ ಹಾಕಿಕೊಂಡಿಲ್ಲ ಎಂದು ಬರೆದಿದ್ದೀಯ. ಆರು ವರ್ಷದ ಹಿಂದೆ ವಾರಪತ್ರಿಕೆಯವರಿಗೆ ನೀನು "ಅಪ್ಪ ಮಾಡೋ ಜೋಡಿಗಿಂತ ಬರಿಗಾಲೇ ವಾಸಿ" ಎಂದದ್ದನ್ನು ನಾನು ಓದಿದ್ದೆ. ನಾನೊಬ್ಬನೇ ಅಲ್ಲ, ನನ್ನ ಗಿರಾಕಿಗಳೂ ಓದಿದರು. ಒಬ್ಬಾಕೆ ಅದನ್ನು ಕತ್ತರಿಸಿ ತಂದು ನನಗೇ ತೋರಿಸಿ ನಕ್ಕಳು. ತಮಾಷೆಗೆ ಹೇಳಿದ್ದೀಯ ಎಂದುಕೊಂಡೂ ಕೋಪ ಇಳಿದಿರಲಿಲ್ಲ. ಈಗ ನೋಡಿದರೆ ತಮಾಷೆ ಅಲ್ಲವಂತೆ.

ನಿನ್ನ ಕಾಲಿನ ಅಚ್ಚು ಮೇಲಿನ ಕಪಾಟಿನಲ್ಲಿ ಇದೆ. ನಿನಗೆ ಹತ್ತೊಂಬತ್ತಾದಾಗ ನಾನೇ ಕೂತು ಕೆತ್ತಿದ್ದು. ಒಳ್ಳೆಯ ಮರ, ಒಂದು ಬಿರುಕು ಬಿಟ್ಟಿಲ್ಲ. ನಲವತ್ತೈದು ವರ್ಷದ ಕೆಲಸದಲ್ಲಿ ಒಬ್ಬ ಗಿರಾಕಿಯೂ ನೋವು ಎಂದು ಜೋಡು ವಾಪಸು ತಂದಿಲ್ಲ. ಮೂರೂವರೆ ಅಂಗುಲದ ಹೊಸ ಜೊತೆ ಮುಂದಿನ ವಾರ ಪಾರ್ಸಲಿನಲ್ಲಿ ಬರುತ್ತದೆ. ಅಳತೆ ಕಳಿಸುವ ಅಗತ್ಯವಿಲ್ಲ.

ಅಪ್ಪ

(ಇದು ಅಮ್ಮ ಬರೆದದ್ದು. ಈ ಕಾಗದವನ್ನು ನಿಮ್ಮಪ್ಪ ನಾಲ್ಕು ಸಲ ಬರೆದು ಹರಿದು ಐದನೇ ಸಲ ಇಷ್ಟು ಬರೆದಿದ್ದಾರೆ. ಮೊದಲಿನ ನಾಲ್ಕು ಇನ್ನೂ ಚೆನ್ನಾಗಿದ್ದವು. ಪಾತ್ರದ ಸುದ್ದಿಯನ್ನು ಬೀದಿಗೆಲ್ಲ ಹೇಳಿಕೊಂಡು ಬಂದರು.)


ಫೆಬ್ರವರಿ 6

ಅಪ್ಪನಿಗೆ,

ಜೋಡು ಬಂತು. ತಾಲೀಮಿನ ಕೋಣೆಯಲ್ಲಿ ಡಬ್ಬಿ ತೆರೆದಾಗ ಎಲ್ಲರೂ ಬಂದು ನೋಡಿದರು. ಹೊಲಿಗೆ ಎಲ್ಲಿದೆ ಎಂದು ಹುಡುಕಿದವರಿಗೆ ಸಿಗಲಿಲ್ಲ. ನಿರ್ದೇಶಕರು ಕೈಯಲ್ಲಿ ಹಿಡಿದು, ಇದನ್ನು ಗಾಜಿನ ಪೆಟ್ಟಿಗೆಯಲ್ಲಿಡಬೇಕು ಎಂದರು.

ಇಪ್ಪತ್ತು ನಿಮಿಷ ನಿಂತೆ. ಅಷ್ಟೇ. ನೀವು ಬೇಸರ ಮಾಡಿಕೊಳ್ಳುತ್ತೀರಿ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಚೆನ್ನಾಗಿದೆ ಎಂದು ಬರೆದು ಇದನ್ನೂ ಕಪಾಟಿಗೆ ಸೇರಿಸಬಹುದಿತ್ತು, ಆದರೆ ಈ ಸಲ ಪಾತ್ರ ಹೋಗುತ್ತದೆ.

ಇವತ್ತು ಒಂದು ಕೆಲಸ ಮಾಡಿದೆ. ಹಾಳೆಯ ಮೇಲೆ ನಿಂತು ಕಾಲಿನ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಸಿದೆ. ಅದರ ಮೇಲೆ ನಿಮ್ಮ ಜೋಡು ಇಟ್ಟು ನೋಡಿದರೆ ಮುಂದೆ ಅರ್ಧ ಬೆರಳಿನಷ್ಟು ಕಾಲು ಹೊರಗಿದೆ, ಬೆರಳ ಬುಡದಲ್ಲಿ ಎರಡೂ ಕಡೆ ಹೊರಗಿದೆ, ಹಿಂದೆ ಹಿಮ್ಮಡಿಯ ಹತ್ತಿರ ಜೋಡೇ ಸಡಿಲ. ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ. ಎಂಟು ವರ್ಷದ ಹಿಂದೆ ಮಗಳು ಹುಟ್ಟಿದ ಮೇಲೆ ನನ್ನ ಪಾದ ಉದ್ದವಾಯಿತು, ಕಮಾನು ಸ್ವಲ್ಪ ಕುಸಿಯಿತು. ಎಷ್ಟೋ ಹೆಂಗಸರಿಗೆ ಹೀಗಾಗುತ್ತದಂತೆ. ನಿಮ್ಮ ಕಪಾಟಿನ ಅಚ್ಚಿಗೆ ಇನ್ನೂ ಹತ್ತೊಂಬತ್ತು, ನನಗೆ ಮೂವತ್ತೆಂಟು.

ಪತ್ರಿಕೆಯವರಿಗೆ ಹೇಳಿದ್ದು ನನ್ನ ತಪ್ಪು. ಅವರು ನಗಲಿ ಎಂದು ಹೇಳಿದೆ. ನಿಮಗೆ ಮೊದಲೇ ಹೇಳಬೇಕಾದ ಮಾತನ್ನು ಊರಿಗೆ ಹೇಳಿದೆ. ಕ್ಷಮಿಸಿ.

ನಿಮ್ಮ ಮೊಳೆ


ಫೆಬ್ರವರಿ 17

ಮೊಳೆಗೆ,

ನಿನ್ನ ಹಾಳೆಯ ಮೇಲೆ ಆ ಅಚ್ಚನ್ನು ಇಟ್ಟು ನೋಡಿದೆ. ಆಮೇಲೆ ಎರಡು ದಿನ ಕೆಲಸ ಮಾಡಲಿಲ್ಲ. ಮೂರನೇ ದಿನ, ಹೊಸ ಅಚ್ಚು ಕೆತ್ತುವುದಕ್ಕೆ ಮೊದಲು ಕೈ ಪಳಗಿಸಿಕೊಳ್ಳೋಣ ಎಂದು ನಿನ್ನ ಅಮ್ಮನನ್ನು ಕರೆದು ಕುರ್ಚಿಯ ಮೇಲೆ ಕೂರಿಸಿದೆ. ನಾನು ಅಳತೆ ತೆಗೆಯುವ ಕ್ರಮ ನಿನಗೆ ಗೊತ್ತಲ್ಲ. ಗಿರಾಕಿ ಕುರ್ಚಿಯಲ್ಲಿ, ನಾನು ಮಣೆಯ ಮೇಲೆ, ಅವರ ಪಾದ ನನ್ನ ತೊಡೆಯ ಮೇಲೆ. ಹೆಂಗಸರನ್ನು ನಿಲ್ಲಿಸಿ ಅಳೆಯುವುದು ಅಮರ್ಯಾದೆ ಎಂದು ನನಗೆ ಕೆಲಸ ಕಲಿಸಿದವರು ಹೇಳಿಕೊಟ್ಟಿದ್ದರು. ನಲವತ್ತೈದು ವರ್ಷದಲ್ಲಿ ಯಾರನ್ನೂ ನಿಲ್ಲಿಸಿದವನಲ್ಲ.

ನಾನು ಟೇಪು ತೆಗೆಯುವ ಮೊದಲೇ ನಿನ್ನ ಅಮ್ಮ ಎದ್ದು ನಿಂತಳು. "ಕೂತಾಗ ನಿಮ್ ಜೋಡು ಒಂದ್ ದಿನಾನೂ ನೋಯ್ಸಿಲ್ಲ. ನಿಂತಾಗ್ಲೇ ನೋಡಿ" ಎಂದಳು.

ಮದುವೆಯ ವರ್ಷ ನಾನು ಅವಳಿಗೆ ಮೊದಲ ಜೋಡು ಮಾಡಿಕೊಟ್ಟಿದ್ದು. ಅದಾದ ಮೇಲೆ ಇಪ್ಪತ್ತೆರಡು ವರ್ಷ ಬಟ್ಟೆ ಅಂಗಡಿಯ ಕೌಂಟರಿನ ಹಿಂದೆ ದಿನವಿಡೀ ನಿಂತು ಕೆಲಸ ಮಾಡಿದಳು, ನನ್ನ ಜೋಡಿನಲ್ಲೇ. ನೋಯುತ್ತಿತ್ತೇ ಎಂದು ಕೇಳಿದೆ. ನೋಯುತ್ತಿತ್ತು ಎಂದಳು. ಯಾಕೆ ಹೇಳಲಿಲ್ಲ ಎಂದೆ. ನೀವು ಅಷ್ಟು ಪ್ರೀತಿಯಿಂದ ಮಾಡುತ್ತಿದ್ದಿರಿ, ತಪ್ಪು ನನ್ನ ಕಾಲಿನದೇ ಇರಬೇಕು ಎಂದುಕೊಂಡೆ ಎಂದಳು. ಹಾಗಾದರೆ ಉಳಿದ ಗಿರಾಕಿಗಳು ಎಂದೆ. ಅವರೂ ಹಾಗೇ ಎಂದುಕೊಂಡಿರುತ್ತಾರೆ, ಕೌಂಟರಿನ ಹಿಂದೆ ನಾವು ನಾಲ್ವರೂ ಬೇರೆ ಬೇರೆಯವರು ಮಾಡಿದ ಜೋಡು ಹಾಕಿ ಒಂದೇ ಥರ ಕುಂಟುತ್ತಿದ್ದೆವು ಎಂದಳು.

ಆಗ ನಾನು ಅವಳನ್ನು ನಿಲ್ಲಿಸಿ ಅಳೆದೆ. ಹಿಮ್ಮಡಿಯ ಕೆಳಗೆ ಮರದ ತುಂಡು ಇಟ್ಟು ಎತ್ತರಿಸಿ, ಮೈಭಾರವೆಲ್ಲ ಪಾದದ ಮೇಲೆ ಬಿದ್ದ ಮೇಲೆ ಟೇಪು ಸುತ್ತಿದೆ. ಕೂತಾಗಿನ ಅಳತೆಗೂ ನಿಂತಾಗಿನ ಅಳತೆಗೂ ಬೆರಳ ಬುಡದಲ್ಲಿ ಕಾಲು ಅಂಗುಲ ವ್ಯತ್ಯಾಸ. ಅವಳ ಹಳೆಯ ಜೋಡು ಹಾಕಿಸಿ, ಒಂದು ಬದಿಯ ಚರ್ಮ ಕತ್ತರಿಸಿ ಒಳಗೆ ಇಣುಕಿದೆ. ಅಂಗಾಲಿನ ಕಮಾನು ಒಂದು ಕಡೆ, ನಾನು ಮಾಡಿದ ಅಟ್ಟೆ ಇನ್ನೊಂದು ಕಡೆ, ನಡುವೆ ನನ್ನ ಎರಡು ಬೆರಳು ಸಲೀಸಾಗಿ ಹೋದವು. ಮೈಭಾರ ಹೊರಲು ಬೆರಳ ಬುಡ ಬಿಟ್ಟರೆ ಬೇರೆ ಜಾಗವೇ ಇರಲಿಲ್ಲ. ನಲವತ್ತು ವರ್ಷ ನನ್ನ ಹೆಂಡತಿ ಗಾಳಿಯ ಮೇಲೆ ನಿಂತಿದ್ದಾಳೆ, ಮೊಳೆ. ನನಗೆ ನಾಚಿಕೆಯಾಗಿದೆ. ಅವಳಿಗೂ ಅದನ್ನೇ ಹೇಳಿದೆ, ನಿನಗೂ ಹೇಳುತ್ತಿದ್ದೇನೆ.

ಈಗ ನೀನು ಮಾಡಬೇಕಾದದ್ದು. ಬೆಳಗ್ಗೆ ಬೇಡ, ಸಂಜೆ ತಾಲೀಮು ಮುಗಿದ ಮೇಲೆ, ಪಾದ ಊದಿಕೊಂಡಿರುವಾಗ ಅಳತೆ ತೆಗೆಸು. ಎರಡೂ ಹಿಮ್ಮಡಿಯ ಕೆಳಗೆ ಮೂರೂವರೆ ಅಂಗುಲದ ಮರದ ತುಂಡು ಇಟ್ಟುಕೊಂಡು ನಿಲ್ಲು. ಯಾರನ್ನೂ, ಯಾವುದನ್ನೂ ಹಿಡಿದುಕೊಳ್ಳಬೇಡ. ಪೆನ್ಸಿಲು ನೆಟ್ಟಗಿರಲಿ. ಆಮೇಲೆ ತುಂಡಿಗೂ ಬೆರಳ ಬುಡಕ್ಕೂ ನಡುವೆ ಹಸಿ ಜೇಡಿಮಣ್ಣು ತುಂಬಿಸಿ ಅದರ ಮೇಲೆ ಭಾರ ಬಿಡು. ಆ ಮಣ್ಣು ಒಣಗಿದ ಮೇಲೆ ಹತ್ತಿಯಲ್ಲಿ ಸುತ್ತಿ ಕಳಿಸು. ಎರಡೂ ಕಾಲಿನದು.

ಅಪ್ಪ

(ಅಮ್ಮ: ಗಂಡನ ಎದುರು ಇಷ್ಟು ಹೊತ್ತು ಮರದ ತುಂಡಿನ ಮೇಲೆ ನಿಂತದ್ದು ಇದೇ ಮೊದಲು. ಅವರು ನನ್ನ ಪಾದ ಹಿಡಿದುಕೊಂಡು ಅತ್ತರು. ಅದನ್ನು ಬರೆಯುವುದಿಲ್ಲ ಎಂದು ಗೊತ್ತಿತ್ತು, ಅದಕ್ಕೇ ನಾನು ಬರೆದೆ.)


ಮಾರ್ಚ್ 2

ಅಪ್ಪನಿಗೆ,

ಅಳತೆ, ಮಣ್ಣಿನ ಅಚ್ಚು ಎರಡೂ ಇವೆ. ಜೋಪಾನವಾಗಿ ಬಿಚ್ಚಿ. ಮಣ್ಣು ಕೊಟ್ಟವರು ನಮ್ಮ ರಂಗಪರಿಕರ ಮಾಡುವವರು, ಪೆನ್ಸಿಲು ಹಿಡಿದದ್ದು ದೀಪದ ಕಂಬ. ಅವನು ಅಷ್ಟೆತ್ತರದಿಂದ ಬಗ್ಗಿ ನನ್ನ ಪಾದದ ಸುತ್ತ ಗೆರೆ ಎಳೆಯುವುದನ್ನು ನೋಡಲು ತಾಲೀಮಿಗಿಂತ ಹೆಚ್ಚು ಜನ ಸೇರಿದ್ದರು. ಕಚಗುಳಿಯಾಗಿ ನಾನು ನಕ್ಕು ಎಡಗಾಲಿನ ಮಣ್ಣು ಕೆಡಿಸಿದೆ, ಎರಡನೇ ಸಲ ಮಾಡಬೇಕಾಯಿತು.

ನನ್ನ ಎಡಗಾಲು ಬಲಗಾಲಿಗಿಂತ ದೊಡ್ಡದು ಎಂದು ನನಗೆ ಗೊತ್ತೇ ಇರಲಿಲ್ಲ. ಎಡಗಾಲು ನೋಯುವಾಗೆಲ್ಲ ಅದಕ್ಕೆ ಮೈಗಳ್ಳತನ ಎಂದು ಬಯ್ಯುತ್ತಿದ್ದೆ.

ಅಮ್ಮನ ವಿಷಯ ಓದಿದೆ. ನಾನೂ ಅದನ್ನೇ ಮಾಡಿದೆನಲ್ಲ. ಎಂಟು ವರ್ಷ ಫೋನಿನಲ್ಲಿ ಅಮ್ಮನ ಹತ್ತಿರ "ಜೋಡು ಚೆನ್ನಾಗಿದೆ ಅಂತ ಅಪ್ಪನಿಗೆ ಹೇಳು" ಎಂದೆ, ಅಮ್ಮ ನಿಮಗೆ ಹೇಳಿದಳು. ನಿಮಗೆ ಮೋಸ ಮಾಡಿದ್ದು ನಾವಿಬ್ಬರೂ ಸೇರಿ.

ನಿರ್ದೇಶಕರು ನಿನ್ನೆ ಮತ್ತೆ ಕೇಳಿದರು. ಮಾರ್ಚ್ ಮೂವತ್ತಕ್ಕೆ ಇಡೀ ನಾಟಕವನ್ನು ನಿಲ್ಲಿಸದೆ ಆಡಿಸುತ್ತಾರೆ, ಅವತ್ತು ನಾನು ಕುಂಟಿದರೆ ಪಾತ್ರ ಬದಲಿ ನಟಿಗೆ.

ನಿಮ್ಮ ಮೊಳೆ


ಮಾರ್ಚ್ 21

ಮೊಳೆಗೆ,

ಜೋಡು ಇವತ್ತು ಬಸ್ಸಿನ ಪಾರ್ಸಲಿಗೆ ಕೊಟ್ಟೆ. ಕಾಗದ ಬೇರೆಯಾಗಿ ಕಳಿಸುತ್ತಿದ್ದೇನೆ, ಯಾಕೆಂದರೆ ಡಬ್ಬಿಯಲ್ಲಿ ಜಾಗ ಇರಲಿಲ್ಲ.

ಈ ಸಲ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಅಚ್ಚು ಕೆತ್ತಿದೆ. ಹಳೆಯ ಜೋಡಿನಲ್ಲಿ ನಿನ್ನ ಹಿಮ್ಮಡಿ ಕೂರುವ ಜಾಗ ಜಾರುಬಂಡೆಯ ಹಾಗೆ ಮುಂದಕ್ಕೆ ಇಳಿದಿತ್ತು. ಪಾದ ಜಾರಿ ಬೆರಳಿಗೆ ಗುದ್ದುತ್ತಿತ್ತು. ಈಗ ಆ ಜಾಗವನ್ನು ಮಟ್ಟ ಮಾಡಿ, ನಡುವೆ ತುಸು ತಗ್ಗು ಬಿಟ್ಟಿದ್ದೇನೆ. ಹಿಮ್ಮಡಿ ಅಲ್ಲಿ ಕೂರಬೇಕು, ಕೂತರೆ ಏಳಬಾರದು. ನಿನ್ನ ಮಣ್ಣಿನ ಅಚ್ಚು ನೋಡಿಕೊಂಡು ಕಮಾನಿನ ಕೆಳಗೆ ಕಾರ್ಕಿನ ಬಿರಡೆಯನ್ನು ಅರದಿಂದ ಉಜ್ಜಿ ಉಜ್ಜಿ ಕೂರಿಸಿದೆ. ಅದು ಭಾರಕ್ಕೆ ತಗ್ಗಬಾರದೆಂದು ಅಡಿಯಲ್ಲಿ ಉಕ್ಕಿನ ಪಟ್ಟಿಯನ್ನು ಅದೇ ಬಾಗಿಗೆ ಬಗ್ಗಿಸಿ ಹಾಕಿದೆ. ಇಷ್ಟು ವರ್ಷ ಆ ಪಟ್ಟಿಗಳನ್ನು ಎಲ್ಲರಿಗೂ ಒಂದೇ ಬಾಗಿನಲ್ಲಿ ಡಜನ್ ಲೆಕ್ಕದಲ್ಲಿ ತಂದು ಹಾಕುತ್ತಿದ್ದೆ. ಮುಂದೆ ಅಗಲ, ಹಿಂದೆ ಬಿಗಿ.

ನಿನ್ನದಕ್ಕೆ ಮೊದಲು ಅಮ್ಮನಿಗೆ ಒಂದು ಜೊತೆ ಮಾಡಿ ಪರೀಕ್ಷೆ ಮಾಡಿದೆ. ಎರಡು ಅಂಗುಲದ್ದು, ಅವಳ ವಯಸ್ಸಿಗೆ ಅಷ್ಟು ಸಾಕು. ಬೆಳಗ್ಗೆ ಹಾಕಿಕೊಂಡವಳು ಮಾರುಕಟ್ಟೆಗೆ ಹೋದಳು, ಬಂದಳು, ತಂಗಿಯ ಮನೆಗೆ ಹೋದಳು, ಅಲ್ಲಿ ನಿಂತೇ ಮಾತಾಡಿದಳು, ಬಂದಳು. ಸಂಜೆ ಏನನ್ನಿಸಿತು ಎಂದು ಕೇಳಿದೆ. ಏನು ಎಂದಳು. ಜೋಡು ಎಂದೆ. ಕೆಳಗೆ ನೋಡಿಕೊಂಡು, ಅಯ್ಯೋ ಮರೆತೇಹೋಗಿತ್ತು ಎಂದಳು. ನಲವತ್ತೈದು ವರ್ಷದಲ್ಲಿ ನನ್ನ ಕೆಲಸಕ್ಕೆ ಇದಕ್ಕಿಂತ ದೊಡ್ಡ ಹೊಗಳಿಕೆ ಸಿಕ್ಕಿಲ್ಲ.

ಅಪ್ಪ


ಮಾರ್ಚ್ 30

ಅಪ್ಪನಿಗೆ,

ನಿಂತೆ. ಎರಡು ಗಂಟೆ ಮೂವತ್ತೆಂಟು ನಿಮಿಷ. ಅದು ಮುಗಿದ ಮೇಲೆ ನಿರ್ದೇಶಕರು ಬೇಕೆಂದೇ ಎರಡನೇ ಅಂಕವನ್ನು ಇನ್ನೊಂದು ಸಲ ಆಡಿಸಿದರು, ಆಗಲೂ ನಿಂತೆ. ಕೊನೆಯ ದೃಶ್ಯದಲ್ಲಿ ದೀಪದ ಕಂಬದ ಕಣ್ಣಿಗೆ ಕಣ್ಣಿಟ್ಟು ಮಾತಾಡಿದಾಗ ಅವನು ತನ್ನ ಮಾತು ಮರೆತ. ಇವತ್ತು ಮೊದಲ ಸಲ ನೀನು ಪಾತ್ರದ ಬಗ್ಗೆ ಯೋಚಿಸುತ್ತಿದ್ದೆ ಎಂದು ಆಮೇಲೆ ಹೇಳಿದ. ನಿಜ. ಇಷ್ಟು ದಿನ ನಾನು ಯೋಚಿಸುತ್ತಿದ್ದದ್ದು ಪಾದದ ಬಗ್ಗೆ.

ಪಾತ್ರ ನನ್ನದೇ ಎಂದು ನಿರ್ದೇಶಕರು ಎಲ್ಲರ ಎದುರು ಹೇಳಿದರು. ಬದಲಿ ನಟಿ ಬಂದು ಕೈಕುಲುಕಿ, ಈ ಜೋಡು ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ನಮ್ಮಪ್ಪ ಮಾಡಿದ್ದು ಎಂದೆ. ಆರು ವರ್ಷದ ಹಿಂದೆ ಹೇಳಿದ್ದನ್ನು ಹಾಗೆ ಒಬ್ಬೊಬ್ಬರಿಗೇ ತಿದ್ದುತ್ತಾ ಬರುತ್ತೇನೆ.

ಪ್ರದರ್ಶನ ಮೇ ಹದಿನೇಳಕ್ಕೆ, ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ. ಇಬ್ಬರೂ ಬರಬೇಕು.

ನಿಮ್ಮ ಮೊಳೆ


ಏಪ್ರಿಲ್ 29

ಅಪ್ಪನಿಗೆ,

ಹೇಗೆ ಬರೆಯಲಿ. ಮತ್ತೆ ನೋಯುತ್ತಿದೆ.

ಒಂದು ತಿಂಗಳು ಏನೂ ಇರಲಿಲ್ಲ. ದಿನವೂ ತಾಲೀಮು, ದಿನವೂ ಅದೇ ಜೋಡು, ಒಂದು ಗುಳ್ಳೆಯೂ ಎದ್ದಿರಲಿಲ್ಲ. ಮೊನ್ನೆ ತಾಲೀಮಿನ ಕೋಣೆ ಬಿಟ್ಟು ನಿಜವಾದ ರಂಗಮಂದಿರಕ್ಕೆ ಬಂದೆವು. ಬಹಳ ಹಳೆಯ ಕಟ್ಟಡ, ಮರದ ನೆಲ, ಕೆಂಪು ಕುರ್ಚಿಗಳು. ಮೊದಲ ದಿನವೇ ಮುಕ್ಕಾಲು ಗಂಟೆಗೆ ಬೆರಳ ಬುಡ ಉರಿಯಲು ಶುರುವಾಯಿತು. ಇವತ್ತು ಎರಡನೇ ಅಂಕದಲ್ಲಿ ಕುಂಟಿದೆ, ನಿರ್ದೇಶಕರು ನೋಡಿದರು. ಬದಲಿ ನಟಿ ಮತ್ತೆ ಪುಸ್ತಕ ತೆಗೆದಿದ್ದಾಳೆ. ಪಾಪ, ಅವಳಿಗೇ ಸಂಕಟವಾಗಿ ಬೇರೆ ಕಡೆ ನೋಡುತ್ತಿದ್ದಳು.

ವಿಚಿತ್ರ ಏನೆಂದರೆ ಪ್ರೇಕ್ಷಕರ ಕಡೆ ಮುಖ ಮಾಡಿ ನಿಂತಾಗಲೇ ನೋವು. ಬೆನ್ನು ತಿರುಗಿಸಿ ಹಿಂದಿನ ಬಾಗಿಲ ಕಡೆ ನಡೆದರೆ ಹಾಯಾಗಿರುತ್ತದೆ. ಒಂದು ವೇಳೆ ಇದೆಲ್ಲ ನನ್ನ ಹೆದರಿಕೆಯೇ? ಖಾಲಿ ಕುರ್ಚಿಗಳನ್ನು ನೋಡಿಯೇ ಕಾಲು ನೋಯುತ್ತಿದೆಯೇ? ಹದಿನಾಲ್ಕು ವರ್ಷ ಕಾದ ಪಾತ್ರ ಅಪ್ಪ. ಕೈಗೆ ಬಂದದ್ದು ಹೋಗುತ್ತದೆ ಎನ್ನಿಸುತ್ತಿದೆ. ಇನ್ನು ಹದಿನೆಂಟು ದಿನ.

ನಿಮ್ಮ ಮೊಳೆ


ಮೇ 3

ಮೊಳೆಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲೆರಡು ಸಲ ಬಿರಡೆ ಕುಸಿದಿರಬೇಕು, ಪಟ್ಟಿ ಸಡಿಲಾಗಿರಬೇಕು ಎಂದು ನನ್ನ ಕೆಲಸದಲ್ಲೇ ತಪ್ಪು ಹುಡುಕಿದೆ. ಮೂರನೇ ಸಲ ಬೆನ್ನು ತಿರುಗಿಸಿದರೆ ನೋವಿಲ್ಲ ಎಂಬ ಸಾಲಿನ ಹತ್ತಿರ ನಿಂತೆ.

ಹೆದರಿಕೆ ಅಲ್ಲ. ನೀನು ಬೆಕ್ಕಿನ ಪಾತ್ರ ಮಾಡಿದಾಗಲೂ ಹೆದರಿದವಳಲ್ಲ. ನಾಳೆ ಒಂದು ನಿಂಬೆಹಣ್ಣು ತೆಗೆದುಕೊಂಡು ಹೋಗಿ ರಂಗದ ನಡುವೆ ಇಡು, ತಳ್ಳಬೇಡ. ಏನಾಯಿತು ಎಂದು ಬರೆ.

ಅಪ್ಪ


ಮೇ 6

ಅಪ್ಪ,

ನಿಂಬೆಹಣ್ಣು ತಾನಾಗಿಯೇ ಉರುಳಿ ಪ್ರೇಕ್ಷಕರ ಕಡೆ ಹೋಗಿ, ರಂಗದಂಚಿನಿಂದ ಬಿದ್ದು, ನಿರ್ದೇಶಕರ ಕಾಫಿಯೊಳಕ್ಕೆ ಹೋಯಿತು. ಹಿಂದಿನ ಕುರ್ಚಿಯವರಿಗೂ ಕಾಣಲಿ ಎಂದು ಹಳೆಯ ಕಾಲದವರು ರಂಗವನ್ನು ಮುಂದಕ್ಕೆ ಇಳಿಜಾರಾಗಿ ಕಟ್ಟಿದ್ದಾರಂತೆ. ಕಣ್ಣಿಗೆ ಕಾಣುವುದೇ ಇಲ್ಲ. ರಂಗಮಂದಿರದವರಿಗೆಲ್ಲ ಗೊತ್ತಿತ್ತು, ಯಾರಿಗೂ ಹೇಳಬೇಕು ಅನ್ನಿಸಿರಲಿಲ್ಲ.

ಬನ್ನಿ.

ಮೊಳೆ


ಮೇ 12

ಅಮ್ಮನಿಗೆ,

ನಿನ್ನ ಗಂಡ ಕ್ಷೇಮವಾಗಿದ್ದಾರೆ. ಫೋನಿನಲ್ಲಿ ಕ್ಷೇಮ ಎಂದಷ್ಟೇ ಹೇಳಿ ಇಟ್ಟುಬಿಟ್ಟರು, ಉಳಿದದ್ದನ್ನು ನಾನು ಬರೆಯುತ್ತೇನೆ.

ಶನಿವಾರ ಬಸ್ಸಿಳಿದು ಸೀದಾ ರಂಗಮಂದಿರಕ್ಕೆ ಬಂದರು. ಒಂದು ಕೈಯಲ್ಲಿ ಉಪಕರಣದ ಚೀಲ, ಇನ್ನೊಂದು ಕೈಯಲ್ಲಿ ನೀನು ಕೊಟ್ಟ ಬುತ್ತಿ. ತಾಲೀಮು ನಡೆಯುತ್ತಿತ್ತು. ಯಾರಿಗೂ ನಮಸ್ಕಾರ ಎನ್ನದೆ ಮೆಟ್ಟಿಲು ಹತ್ತಿ ರಂಗದ ಮೇಲೆ ಬಂದು, ಹೊಟ್ಟೆಯ ಮೇಲೆ ಮಲಗಿ, ಕೆನ್ನೆಯನ್ನು ನೆಲಕ್ಕೆ ಒತ್ತಿ ಒಂದು ಕಣ್ಣು ಮುಚ್ಚಿ ನೋಡಿದರು. ದೀಪದ ಕಂಬ ಅವರನ್ನು ದಾಟಿಕೊಂಡು ಮಾತು ಮುಂದುವರಿಸಿದ. ನಿರ್ದೇಶಕರು ಇವರು ಯಾರು ಎಂದು ಕೇಳಿದರು. ಅಪ್ಪ ಮಲಗಿದಲ್ಲಿಂದಲೇ, ನಿಮ್ಮ ನೆಲಕ್ಕೆ ಜೋಡು ಮಾಡುವವನು ಎಂದರು.

ಆಮೇಲೆ ಮೇಕಪ್ ಕೋಣೆಯ ಮೇಜಿನ ಮೇಲೆ ಅಂಗಡಿ ಹರವಿದರು. ಲೆಕ್ಕ ಸುಲಭ ಎಂದರು. ನಾನು ಪ್ರೇಕ್ಷಕರ ಕಡೆ ನಿಂತಾಗ ನೆಲವೇ ಹಿಮ್ಮಡಿಯನ್ನು ಕಾಲು ಅಂಗುಲ ಎತ್ತುತ್ತದೆ, ಹಾಗಾಗಿ ಹೀಲಿನಿಂದ ಅಷ್ಟು ಕಡಿಮೆ ಮಾಡಬೇಕು, ಹೀಲಿನ ತುದಿಯನ್ನು ಇಳಿಜಾರಿಗೆ ಹೊಂದುವಂತೆ ಓರೆಯಾಗಿ ಕತ್ತರಿಸಬೇಕು, ಹಿಮ್ಮಡಿ ಕೂರುವ ಜಾಗವನ್ನು ಹಿಂದಕ್ಕೆ ಕೂದಲೆಳೆಯಷ್ಟು ವಾಲಿಸಬೇಕು. ಲೆಕ್ಕ ಸುಲಭ, ಕೂದಲೆಳೆ ಎಷ್ಟು ದಪ್ಪ ಎನ್ನುವುದೇ ಕಷ್ಟ.

ಮೊದಲ ಸಲ ಸರಿಮಾಡಿ ತಂದಾಗ ನಾನು ರಂಗದ ನಡುವೆ ನಿಂತಿದ್ದೆ. ಇಡೀ ತಂಡ ಸುತ್ತ ಇತ್ತು. ಅಪ್ಪ ಮಂಡಿಯೂರಿ ನನ್ನ ಕಾಲಿಗೆ ಜೋಡು ಹಾಕಲು ಹೊರಟರು. ನನಗೆ ಮುಜುಗರವಾಗಿ, ಕೂತು ನಾನೇ ಹಾಕಿಕೊಳ್ಳುತ್ತೇನೆ ಎಂದೆ.

"ನಿಂತೇ ಇರು" ಎಂದರು. "ಕೂತ್ರೆ ನೀನೂ ಸುಳ್ ಹೇಳ್ತೀಯ, ನಿನ್ ಕಾಲೂ ಸುಳ್ ಹೇಳತ್ತೆ."

ಹತ್ತು ನಿಮಿಷ ನಿಂತ ಮೇಲೆ ಹೇಗಿದೆ ಎಂದು ಕೇಳಿದರು. ನನ್ನ ಬಾಯಿ ಅದಾಗಿಯೇ ಚೆನ್ನಾಗಿದೆ ಎಂದಿತು. ಅವರು ತಲೆಯೆತ್ತಿ ನನ್ನನ್ನೇ ನೋಡಿದರು. ಅಮ್ಮ, ಆ ನೋಟದಲ್ಲಿ ಕೋಪ ಇರಲಿಲ್ಲ, ಬೇಡಿಕೊಳ್ಳುವ ಹಾಗಿತ್ತು. "ನೋಯ್ತಿದ್ರೆ ನೋಯ್ತಿದೆ ಅನ್ನು ಮಗಳೇ. ಎಲ್ಲಿ ಅಂತ ಹೇಳು. ಇಷ್ಟು ವರ್ಷ ಯಾರೂ ನಂಗೆ ಹೇಳ್ಲಿಲ್ಲ" ಎಂದರು.

ನೋಯುತ್ತಿದೆ ಎಂದೆ. ಎಡಗಾಲು, ಎರಡನೇ ಬೆರಳ ಬುಡ ಎಂದೆ. ಜೋಡು ಬಿಚ್ಚಿಕೊಂಡು ಹೋದರು. ಎರಡು ದಿನದಲ್ಲಿ ಆರು ಸಲ ತಂದರು, ಆರು ಸಲವೂ ನೋಯುತ್ತಿದೆ ಎಂದೆ. ಪ್ರತಿ ಸಲವೂ ಅವರ ಮುಖ ಇನ್ನಷ್ಟು ಅರಳುತ್ತಿತ್ತು, ನೋಡಿದವರಿಗೆ ನಮ್ಮಿಬ್ಬರಿಗೂ ತಲೆ ಕೆಟ್ಟಿದೆ ಎನ್ನಿಸಿರಬೇಕು. ಏಳನೇ ಸಲ ನಿಂತೆ. ಕಾದೆ. ಏನೂ ಇರಲಿಲ್ಲ. ಇಲ್ಲ ಎಂದೆ. ಅವರು ನಂಬದೆ ಗಡಿಯಾರ ಎದುರಿಗಿಟ್ಟುಕೊಂಡು ಪೂರ್ತಿ ಮೂರು ಗಂಟೆ ನನ್ನನ್ನು ಮೇಲಕ್ಕೂ ಕೆಳಕ್ಕೂ ನಡೆಸಿದರು. ಇಲ್ಲ ಅಮ್ಮ, ಇಲ್ಲ, ಇಲ್ಲ.

ಈಗ ಅಪ್ಪನಿಗೆ ಮನೆಗೆ ಬರಲು ಪುರುಸೊತ್ತಿಲ್ಲ. ಮೇಕಪ್ ಕೋಣೆಯ ಬಾಗಿಲಿನಿಂದ ಮೆಟ್ಟಿಲವರೆಗೆ ಸಾಲು ನಿಂತಿದೆ, ಎಲ್ಲರ ಕೈಯಲ್ಲೂ ಅವರವರ ಜೋಡು. ಬದಲಿ ನಟಿ ಎಲ್ಲರಿಗಿಂತ ಮುಂದೆ. ದೀಪದ ಕಂಬ ಕೂಡ ತನ್ನ ಬೂಟು ಹಿಡಿದು ನಿಂತಿದ್ದಾನೆ. ಒಬ್ಬೊಬ್ಬರನ್ನೂ ನಿಲ್ಲಿಸಿ, ದಿನದಲ್ಲಿ ಎಷ್ಟು ಹೊತ್ತು ನಿಲ್ಲುತ್ತೀರಿ, ಎಂಥ ನೆಲದ ಮೇಲೆ ಎಂದು ಕೇಳುತ್ತಿದ್ದಾರೆ. ಶುಕ್ರವಾರ ನಿನ್ನನ್ನು ಕರೆತರಲು ಬರುತ್ತಾರೆ. ನಿನ್ನ ಹೊಸ ಜೋಡು ಹಾಕಿಕೊಂಡು ಬಾ.

ನಿನ್ನ ಮೊಳೆ


ಮೇ 20

ಮೊಳೆಗೆ,

ಕ್ಷೇಮವಾಗಿ ತಲುಪಿದೆವು. ಅವತ್ತು ನಾಟಕ ಮುಗಿದ ಮೇಲೆ ನಿನ್ನ ಸುತ್ತ ಅಷ್ಟು ಜನ, ನನಗೆ ಏನೂ ಹೇಳಲು ಆಗಲಿಲ್ಲ. ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತೇನೆ.

ನಾನು ನಾಟಕ ನೋಡಲು ಬಂದವನಲ್ಲ. ಅದನ್ನು ಒಪ್ಪಿಕೊಳ್ಳುತ್ತೇನೆ. ನಿರ್ದೇಶಕರು ನಡುವಿನ ಒಳ್ಳೆಯ ಕುರ್ಚಿಗಳನ್ನು ಕೊಟ್ಟಿದ್ದರೂ ನಾನು ನಿನ್ನ ಅಮ್ಮನನ್ನು ಎಬ್ಬಿಸಿಕೊಂಡು ಹೋಗಿ ಎರಡನೇ ಸಾಲಿನ ತುದಿಯಲ್ಲಿ ಕೂತೆ. ಅಲ್ಲಿಂದ ರಂಗದ ನೆಲ ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಯಾವ ಹೊತ್ತಿಗೆ ಯಾವ ಕಾಲಿನ ಮೇಲೆ ಭಾರ ಬೀಳುತ್ತದೆ, ಎಲ್ಲಿ ಜಾರುತ್ತದೆ ಎಂದು ಗುರುತು ಹಾಕಿಕೊಳ್ಳಲು ಜೇಬಿನಲ್ಲಿ ಕಾಗದ, ಪೆನ್ಸಿಲು ಇಟ್ಟುಕೊಂಡಿದ್ದೆ.

ದೀಪ ಆರಿತು. ಒಳಗಿನಿಂದ ಹೀಲಿನ ಸದ್ದು ಬಂತು, ಒಂದೇ ಅಳತೆಯಲ್ಲಿ, ಒಂದಿಷ್ಟೂ ತಡವರಿಸದೆ. ನೀನಿನ್ನೂ ಕಾಣಿಸಿರಲಿಲ್ಲ, ಅಷ್ಟರಲ್ಲೇ ಹಿಂದೆ ಮುಂದೆ ಕೂತವರೆಲ್ಲ ಬೆನ್ನು ನೆಟ್ಟಗೆ ಮಾಡಿಕೊಂಡರು. ನಿನ್ನ ಅಮ್ಮ ನನ್ನ ಕೈ ಹಿಡಿದಳು. ನೀನು ಬಂದೆ.

ಕೊನೆಯ ದೃಶ್ಯದಲ್ಲಿ ಆ ಉದ್ದನೆಯ ಮನುಷ್ಯನ ಎದುರು ನಿಂತು ನೀನು ಮಾತು ನಿಲ್ಲಿಸಿ ಸುಮ್ಮನೆ ನೋಡಿದೆಯಲ್ಲ, ಆಗ ಕಣ್ಣು ಕೆಳಗಿಳಿಸಿದ್ದು ಅವನು. ಇಡೀ ಮಂದಿರದಲ್ಲಿ ಒಬ್ಬರೂ ಕೆಮ್ಮಲಿಲ್ಲ. ಪರದೆ ಬಿದ್ದ ಮೇಲೆ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ನಾನೂ ಎದ್ದೆ. ಪಕ್ಕದವರಿಗೆ, ಅದು ನನ್ನ ಮಗಳು ಎಂದೆ. ಅವರು ಕೇಳಿರಲಿಲ್ಲ, ನಾನಾಗಿಯೇ ಹೇಳಿದೆ.

ಬರುವಾಗ ಬಸ್ಸಿನಲ್ಲಿ ನಿನ್ನ ಅಮ್ಮ, ಎಡಗಾಲಿನದು ಸರಿಯಾಗಿ ಕೂತಿತ್ತಾ ಎಂದು ಕೇಳಿದಳು. ಜೇಬಿನ ಕಾಗದ ತೆಗೆದು ನೋಡಿದರೆ ಖಾಲಿ. ನಲವತ್ತೈದು ವರ್ಷದಲ್ಲಿ ನಾನು ರಸ್ತೆಯಲ್ಲಿ, ಮದುವೆಯಲ್ಲಿ, ಸಾವಿನ ಮನೆಯಲ್ಲಿ ಕೂಡ ಎಲ್ಲರ ಕಾಲು ನೋಡಿ ಆಮೇಲೆ ಮುಖ ನೋಡಿದವನು. ಅವತ್ತು ನೀನು ಎರಡೂವರೆ ಗಂಟೆ ನನ್ನ ಕಣ್ಣೆದುರಿಗೇ ನಡೆದಾಡಿದೆ ಮೊಳೆ, ನಾನು ಒಂದು ಸಲವೂ ಕೆಳಗೆ ನೋಡಲಿಲ್ಲ.

ನಿನ್ನ ಅಪ್ಪ